ಹೆಸರುಳ್ಳ ಸಮಾಧಿಗಳು, ಹೆಸರಿಲ್ಲದ ಪೂರ್ವಿಕರು
(ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನಕ್ಕೊಂದು ಭೇಟಿ)

ವಾಗ್ದತ್ತ ನಾಡಿನಲ್ಲಿ ಪಿತಾಮಹ ಅಬ್ರಹಾಮನು ಮೊಟ್ಟಮೊದಲು ಸ್ವಂತ ಮಾಡಿಕೊಂಡ ಭೂಮಿಯನ್ನು ಬಿತ್ತಿ ಬೆಳೆಯಲೆಂದು ಕೊಳ್ಳಲಿಲ್ಲ, ಮನೆ ಕಟ್ಟಲೆಂದೂ ಕೊಳ್ಳಲಿಲ್ಲ. ತನ್ನ ಧರ್ಮಪತ್ನಿ ಸಾರಳನ್ನು ಮಣ್ಣುಮಾಡಲೆಂದು ನಾನೂರು ಬೆಳ್ಳಿ ನಾಣ್ಯಗಳನ್ನು ತೂಗಿಕೊಟ್ಟು, ಊರ ಹಿರಿಯರ ಸಾಕ್ಷಿಯಾಗಿ ಅವನು ಕೊಂಡದ್ದು ಮಕ್ಪೇಲದ ಗವಿಯನ್ನು. ಪುಕ್ಕಟೆಯಾಗಿ ಕೊಡುತ್ತೇವೆಂದರೂ ಅವನು ಒಪ್ಪಲಿಲ್ಲ. ಸತ್ತವರನ್ನು ಇರಿಸಿದ ನೆಲವೇ ಬದುಕಿರುವವರ ಬೇರು ಎಂಬುದನ್ನು ಆ ಅಲೆಮಾರಿ ಭಕ್ತನು ಅರಿತಿದ್ದನು. ಆದಿಕಾಂಡದ ಈ ಪ್ರಸಂಗವನ್ನು ನಾವು ಅನೇಕ ಸಲ ಕೇಳಿದ್ದೇವೆ. ಆದರೆ ಅದರ ತಾತ್ಪರ್ಯವು ನಮ್ಮ ಮನಸ್ಸಿಗೆ ನಾಟಿದ್ದು ಕಳೆದ ನವೆಂಬರ್ ತಿಂಗಳಲ್ಲಿ, ಕಾವೇರಿಯ ದಡದ ಒಂದು ಹಳೆಯ ಸ್ಮಶಾನದಲ್ಲಿ ನಿಂತಾಗ.

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಈ ಸ್ಮರಣ ಸಂಚಿಕೆಗೆ ಒಂದು ಚರಿತ್ರೆಯನ್ನು ಬರೆದುಕೊಡಬೇಕೆಂದು ಪೂಜ್ಯ ಗುರುಗಳು ನಮಗೆ ಅಪ್ಪಣೆ ಮಾಡಿದ್ದರು. ಚರ್ಚಿನ ಹಳೆಯ ಪುಸ್ತಕಗಳನ್ನು ತೆರೆದು ಕುಳಿತಾಗ ಒಂದು ಪ್ರಶ್ನೆ ನಮ್ಮನ್ನು ಎಡೆಬಿಡದೆ ಕಾಡತೊಡಗಿತು. ಈ ಮಲೆನಾಡಿನ ಕಾಫಿ ತೋಟಗಳಿಗೆ ನಮ್ಮ ಹಿರಿಯರು ಬಂದುದು ಎಲ್ಲಿಂದ? ಅವರ ಹಿಂದಿನವರು ಮಣ್ಣಾದುದು ಎಲ್ಲಿ? ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತಾ ನಾವು ಕೆಲವರು ಶ್ರೀರಂಗಪಟ್ಟಣಕ್ಕೆ ಹೋಗಿಬಂದೆವು. ಅಲ್ಲಿ ಕಂಡುದನ್ನೂ ಕಾಣದುದನ್ನೂ ಧರ್ಮಕೇಂದ್ರದ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ದೇವರಮನೆಯ ಬೆಟ್ಟದಿಂದ

ಮೂಡಿಗೆರೆ ತಾಲ್ಲೂಕಿನ ದೇವರಮನೆಯನ್ನು ಅರಿಯದವರು ನಮ್ಮಲ್ಲಿ ಇರಲಾರರು. ಕಾಲಭೈರವೇಶ್ವರನ ಪುರಾತನ ದೇಗುಲ, ಅದರ ಬದಿಯ ಕೆರೆ, ಅದನ್ನು ದಾಟಿ ಮೇಲೇರಿದರೆ ಹುಲ್ಲುಗಾವಲಿನ ನೆತ್ತಿ. ಅಲ್ಲಿಂದ ಪಶ್ಚಿಮಕ್ಕೆ ಕಣ್ಣು ಹಾಯಿಸಿದರೆ ನೆಲವು ಒಮ್ಮೆಗೇ ಕುಸಿದು, ಮಂಜು ಸರಿದ ದಿನಗಳಲ್ಲಿ ದಕ್ಷಿಣ ಕನ್ನಡದ ತಗ್ಗುನಾಡು ಹಸಿರು ಕಂಬಳಿಯಂತೆ ಹರಡಿರುವುದು ಕಾಣುತ್ತದೆ. ನಮ್ಮ ಧರ್ಮಕೇಂದ್ರದ ಅನೇಕ ಕುಟುಂಬಗಳ ಮೂಲವು ಆ ತಗ್ಗುನಾಡೇ ಆಗಿದೆ. ಬಾಬಾಬುಡನ್ ಗಿರಿಯಲ್ಲಿ ಬೇರೂರಿದ ಕಾಫಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬೆಟ್ಟಗಳನ್ನೆಲ್ಲ ಆವರಿಸಿದಾಗ, ತೋಟಗಳಿಗೆ ರೈಟರು, ಮೇಸ್ತ್ರಿ, ಬಡಗಿ, ಅಡಿಗೆಯವ, ಕೂಲಿಯಾಳು ಎಂದು ಚಾರ್ಮಾಡಿ ಘಟ್ಟವನ್ನು ಹತ್ತಿ ಬಂದವರಲ್ಲಿ ಕರಾವಳಿಯ ಕಥೋಲಿಕರೂ ಇದ್ದರು. ಮೈಸೂರಿನ ಬಯಲುಸೀಮೆಯಿಂದಲೂ ತಮಿಳು ನಾಡಿನಿಂದಲೂ ಬಂದು ಸೇರಿದವರು ಮತ್ತೊಂದು ಶಾಖೆ. ಈ ಎಲ್ಲರೂ ಒಂದೇ ಬಲಿಪೀಠದ ಸುತ್ತ ಕೂಡಿ ಒಂದು ಸಭೆಯಾದರು. ಹಿಂದೆ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದ ಈ ಸೀಮೆಯು 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವಾಯಿತೆಂಬುದನ್ನು ಎಲ್ಲರೂ ಬಲ್ಲರು.

ಆದರೆ ಕರಾವಳಿಯಿಂದ ಘಟ್ಟ ಹತ್ತಿದ ನಮ್ಮವರ ಮೊದಲ ಪ್ರಯಾಣವು ಕಾಫಿಯ ಕಾಲದ್ದಲ್ಲ. ಅದಕ್ಕೆ ಬಹಳ ಹಿಂದೆ, ತಮ್ಮ ಇಚ್ಛೆಗೆ ವಿರುದ್ಧವಾಗಿ, ಕಾವಲಿನ ನಡುವೆ ಅವರು ಈ ಪಶ್ಚಿಮ ಘಟ್ಟವನ್ನು ಹತ್ತಿದ್ದರು.

1784ರ ವಿಭೂತಿ ಬುಧವಾರ

ಎರಡನೆಯ ಮೈಸೂರು ಯುದ್ಧವು 1780ರಿಂದ 1784ರವರೆಗೆ ನಡೆಯಿತು. ಮಂಗಳೂರಿನ ಕೋಟೆಯು ಇಂಗ್ಲಿಷರ ಕೈಸೇರಿ, ದೀರ್ಘವಾದ ಮುತ್ತಿಗೆಯ ನಂತರ 1784ರ ಜನವರಿಯ ಕೊನೆಯಲ್ಲಿ ಟಿಪ್ಪು ಸುಲ್ತಾನನಿಗೆ ಮರಳಿ ದೊರೆಯಿತು. ಕರಾವಳಿಯ ಕ್ರೈಸ್ತರು ಶತ್ರುಪಕ್ಷಕ್ಕೆ ಸಹಾಯ ಮಾಡಿದರೆಂಬ ಸಂಶಯವು ಸುಲ್ತಾನನಲ್ಲಿ ಬಲವಾಗಿತ್ತು. ಕೆಲವರ ಮೇಲಿನ ಸಂಶಯಕ್ಕೆ ಇಡೀ ಸಮುದಾಯವೇ ದಂಡ ತೆರಬೇಕಾಯಿತು. ಆ ವರ್ಷದ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದಂದು, ಕಾರವಾರ ಸೀಮೆಯಿಂದ ಕಾಸರಗೋಡಿನ ಸೀಮೆಯವರೆಗೆ ಕ್ರೈಸ್ತರ ಬಂಧನವು ನಡೆಯಿತೆಂದು ನಮ್ಮ ಪರಂಪರೆಯು ನೆನೆಯುತ್ತದೆ. ಹಣೆಗೆ ಹಚ್ಚಿಕೊಂಡ ವಿಭೂತಿಯು ಆರುವ ಮುನ್ನವೇ ಮನೆಮಾರುಗಳನ್ನು ತೊರೆದು ಅವರು ಹೊರಡಬೇಕಾಯಿತು. ಇಪ್ಪತ್ತೇಳು ಇಗರ್ಜಿಗಳು ನೆಲಸಮವಾದುವೆಂದು ಚರ್ಚಿನ ಚರಿತ್ರೆಗಳು ಹೇಳುತ್ತವೆ. ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿಯು ಮೂಡಬಿದಿರೆಯ ಚೌಟ ಅರಸರ ಕೋರಿಕೆಯಿಂದ ಉಳಿಯಿತೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸಬೇಕು. ಕಷ್ಟಕಾಲದಲ್ಲಿ ನೆರೆಯವನು ಅನ್ಯಧರ್ಮದವನಾದರೂ ಆಸರೆಯಾದನು.

ಮಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 340 ಕಿಲೋಮೀಟರುಗಳ ಹಾದಿ. ಘಟ್ಟ, ಕಾಡು, ಕೊಡಗಿನ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ದಾಟಲು ಆರು ವಾರಗಳು ಹಿಡಿದುವು. ಮುದುಕರು, ಬಸುರಿಯರು, ಹಾಲುಗೂಸುಗಳು ಇದ್ದ ಆ ಮೆರವಣಿಗೆಯಲ್ಲಿ ಹಾದಿಯುದ್ದಕ್ಕೂ ಜನರು ಬಿದ್ದು ಸತ್ತರು. ಸೆರೆಯಾದವರ ಸಂಖ್ಯೆಯನ್ನು ಒಬ್ಬರು 30,000 ಎನ್ನುತ್ತಾರೆ. ಮತ್ತೊಬ್ಬರು 60,000 ಎನ್ನುತ್ತಾರೆ. ಅದಕ್ಕೂ ಮೇಲೆ ಹೇಳುವವರಿದ್ದಾರೆ. ಸೆರೆವಾಸವು ಹದಿನೈದು ವರ್ಷಗಳ ಕಾಲ ನಡೆಯಿತು. 1799ರ ಮೇ 4ರಂದು ಕೋಟೆಯು ಬಿದ್ದು ಬಿಡುಗಡೆಯಾದಾಗ ಕ್ರೈಸ್ತರಾಗಿ ಉಳಿದಿದ್ದವರು ಹದಿನೈದರಿಂದ ಇಪ್ಪತ್ತು ಸಾವಿರವೆಂಬುದು ಸಾಮಾನ್ಯ ಅಂದಾಜು.

ಇಲ್ಲಿ ನಮ್ಮ ಬಂಧುಗಳು ಒಂದು ವಿಷಯವನ್ನು ಗಮನಿಸಬೇಕು. ಈ ಲೆಕ್ಕಗಳ ನಡುವಿನ ಅಂತರವೇ ಮೂವತ್ತು ಸಾವಿರ. ಎಷ್ಟು ಜನ ಹೋದರೆಂಬುದನ್ನೇ ನಿಶ್ಚಯವಾಗಿ ಹೇಳಲು ಬಾರದಿದ್ದ ಮೇಲೆ ಅವರ ಹೆಸರುಗಳನ್ನು ಹೇಳುವುದೆಂತು?

ಕಾವೇರಿಯ ದಡದ ಸ್ಮಶಾನ

ಮೂಡಿಗೆರೆಯಿಂದ ಬೇಲೂರು, ಹಾಸನ, ಚನ್ನರಾಯಪಟ್ಟಣದ ಮಾರ್ಗವಾಗಿ ಪಾಂಡವಪುರವನ್ನು ದಾಟಿ ನಾವು ಶ್ರೀರಂಗಪಟ್ಟಣವನ್ನು ತಲುಪಿದೆವು. ಬೆಂಗಳೂರು-ಮೈಸೂರು ಹೆದ್ದಾರಿಯ ಸದ್ದಿನಿಂದ ತುಸುವೇ ಒಳಸರಿದರೆ ಕಾವೇರಿಯ ದಡದಲ್ಲಿ ಗ್ಯಾರಿಸನ್ ಸ್ಮಶಾನವಿದೆ. ಸುಮಾರು ಒಂದು ಎಕರೆಯಷ್ಟು ನೆಲ; ಮುನ್ನೂರರಷ್ಟು ಸಮಾಧಿಗಳು. 1799ರ ಮುತ್ತಿಗೆಯ ನಂತರ ಇಲ್ಲಿ ನೆಲೆಸಿದ ಸೈನ್ಯದ ಐರೋಪ್ಯ ಅಧಿಕಾರಿಗಳು, ಸೈನಿಕರು, ಅವರ ಹೆಂಡಿರು ಮಕ್ಕಳು ಇಲ್ಲಿ ವಿಶ್ರಮಿಸುತ್ತಾರೆ. ಇಟ್ಟಿಗೆ ಗಾರೆಗಳಿಂದ ಕಟ್ಟಿದ ಸಮಾಧಿಗಳಲ್ಲಿ ಕೆಲವು ಗೋಪುರದಂತೆ ಚೂಪಾಗಿವೆ, ಕೆಲವು ಮಂಚದಂತೆ ಚಪ್ಪಟೆಯಾಗಿವೆ. ಕೆಲವಕ್ಕೆ ಬರಹದ ಕಲ್ಲು ಉಳಿದಿದೆ, ಕೆಲವಕ್ಕೆ ಅದನ್ನು ಕೂಡಿಸಿದ್ದ ಗೂಡು ಮಾತ್ರ ಉಳಿದಿದೆ.

ಇವರಲ್ಲಿ ಎಂಬತ್ತರಷ್ಟು ಮಂದಿ ಡಿ ಮ್ಯೂರಾನ್ ರೆಜಿಮೆಂಟಿಗೆ ಸೇರಿದವರು. ಈ ರೆಜಿಮೆಂಟಿನ ಕಥೆಯು ವಿಚಿತ್ರವಾದುದು. ಸ್ವಿಟ್ಸರ್ಲೆಂಡಿನ ನ್ಯೂಶಾಟೆಲ್ ಸೀಮೆಯ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ ಎಂಬವನು ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಸೇವೆಗಾಗಿ 1781ರಲ್ಲಿ ಇದನ್ನು ಕಟ್ಟಿದನು. ಗುಡ್‌ಹೋಪ್ ಭೂಶಿರದಲ್ಲಿಯೂ ಸಿಂಹಳದಲ್ಲಿಯೂ ಡಚ್ಚರ ಪರವಾಗಿ ಕಾವಲಿದ್ದ ಇದು 1795ರಲ್ಲಿ ಒಪ್ಪಂದದ ಮೂಲಕ ಇಂಗ್ಲಿಷರ ಸೇವೆಗೆ ಸೇರಿತು. ನಾಲ್ಕು ವರ್ಷಗಳ ತರುವಾಯ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಕಾದಿತು. ಹಿಮದ ಬೆಟ್ಟಗಳ ನಾಡಿನ ಯುವಕರು ಇಬ್ಬರು ಪರದೇಶಿ ಒಡೆಯರ ಕೂಲಿಗೆ ದುಡಿದು, ತಮಗೆ ಯಾವ ಹಗೆಯೂ ಇಲ್ಲದ ಅರಸನೊಡನೆ ಹೋರಾಡಿ, ಕಾವೇರಿಯ ಮಣ್ಣಿನಲ್ಲಿ ಮಲಗಿದರು. ಉಳಿದವರು 1806ರಲ್ಲಿ ಹಿಂದಿರುಗಿದರು. ಮುಂದೆ ಕೆನಡಾ ದೇಶದಲ್ಲಿಯೂ ಸೇವೆ ಮಾಡಿ, 1816ರಲ್ಲಿ ರೆಜಿಮೆಂಟು ವಿಸರ್ಜನೆಗೊಂಡಿತು.

ಆದರೆ ಈ ಸ್ಮಶಾನವನ್ನು ತುಂಬಿಸಿದುದು ಕೇವಲ ಕತ್ತಿ ಕೋವಿಗಳಲ್ಲ. ಶ್ರೀರಂಗಪಟ್ಟಣದ ದ್ವೀಪವು ಜ್ವರಕ್ಕೆ ಕುಪ್ರಸಿದ್ಧವಾಗಿತ್ತು. ಮಲೇರಿಯಾ ಜ್ವರದ ಹಾವಳಿಯನ್ನು ತಾಳಲಾರದೆ ಇಂಗ್ಲಿಷರು 1809ರಲ್ಲಿ ತಮ್ಮ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ಬೆಂಗಳೂರಿನ ಕಂಟೋನ್ಮೆಂಟ್ ಹುಟ್ಟಿದ್ದು ಹೀಗೆ. ಗೆದ್ದ ಕೋಟೆಯೇ ಗೆದ್ದವರನ್ನು ನುಂಗಿತು. ಹೆಂಡಿರನ್ನೂ ಎಳೆಯ ಮಕ್ಕಳನ್ನೂ ಮಣ್ಣುಮಾಡಿದ ಸಮಾಧಿಗಳ ಮುಂದೆ ನಿಂತಾಗ ಸೈನ್ಯ, ಸಾಮ್ರಾಜ್ಯ ಎಂಬ ಮಾತುಗಳು ಮರೆತುಹೋಗಿ, ಅವಸರದಲ್ಲಿ ಮಗುವನ್ನು ಮಣ್ಣುಮಾಡಿ ಹಿಂದಿರುಗಿದ ತಂದೆತಾಯಿಗಳೇ ಕಣ್ಣಮುಂದೆ ಬರುತ್ತಾರೆ. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಮೆಲ್ಲನೆ ಮೊಣಕಾಲೂರಿ ಮೃತರಿಗಾಗಿ ಮಾಡುವ ಪ್ರಾರ್ಥನೆಯನ್ನು ಆರಂಭಿಸಿದರು. ಇವರು ನಮ್ಮವರೇ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ದನಿಗೂಡಿಸಿದೆವು.

ಕಲ್ಲಿನ ಸಾಕ್ಷ್ಯ

ಬರಹವುಳ್ಳ ಒಂದು ಕಲ್ಲು ಎಷ್ಟು ದೊಡ್ಡ ಕೆಲಸವನ್ನು ಮಾಡಬಲ್ಲದೆಂಬುದಕ್ಕೆ ಈ ಸ್ಮಶಾನದಲ್ಲಿಯೇ ಒಂದು ನಿದರ್ಶನವಿದೆ. ಶ್ರೀರಂಗಪಟ್ಟಣದ ನದೀತೀರದಲ್ಲಿ ಸ್ಕಾಟ್ ಬಂಗಲೆ ಎಂಬ ಹಳೆಯ ಮನೆಯೊಂದಿದೆ. ಫಿರಂಗಿ ಗಾಡಿಗಳ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದ ಕರ್ನಲ್ ಸ್ಕಾಟನ ಹೆಂಡತಿಯೂ ಇಬ್ಬರು ಹೆಣ್ಣುಮಕ್ಕಳೂ ಒಂದೇ ದಿನ ಕಾಲರಾ ಬೇನೆಯಿಂದ ಸತ್ತರೆಂದೂ, ದುಃಖದಿಂದ ಬುದ್ಧಿಗೆಟ್ಟ ಅವನು ಮನೆಯನ್ನು ಇದ್ದಂತೆಯೇ ಬಿಟ್ಟು ಕಣ್ಮರೆಯಾದನೆಂದೂ ಜನರು ಬಹುಕಾಲ ಹೇಳಿಕೊಂಡು ಬಂದರು. ಆ ಪಾಳು ಬಂಗಲೆಯ ಮೇಲೆ ಇಂಗ್ಲಿಷಿನಲ್ಲಿ ಕವಿತೆಯೂ ಹುಟ್ಟಿತು. ಆದರೆ ಗ್ಯಾರಿಸನ್ ಸ್ಮಶಾನದ ಕಲ್ಲು ಹೇಳುವುದೇ ಬೇರೆ. ಅವನ ಪತ್ನಿ ಕ್ಯಾರೊಲಿನ್ ಇಸಬೆಲ್ಲಾ ಸ್ಕಾಟ್ 1817ರಲ್ಲಿ, ಹೆರಿಗೆಯ ಕಾಲದಲ್ಲಿ, ತೀರಿಕೊಂಡಳು. ಬಾಯಿಂದ ಬಾಯಿಗೆ ಬೆಳೆದ ಕಥೆಯನ್ನು ಒಂದು ಕಲ್ಲು ತಿದ್ದಿತು. ಆ ತಾಯಿಯ ನಿಜವಾದ ಸಾವು ಕಥೆಗಿಂತ ಚಿಕ್ಕದು. ಆದರೆ ಅದು ಅವಳದೇ ಸಾವು. ಅದನ್ನು ಅವಳಿಗೆ ಮರಳಿ ಕೊಟ್ಟದ್ದು ಕಲ್ಲಿನ ನಾಲ್ಕು ಸಾಲು.

ಗುಂಬಜಿನ ನೆರಳಿನಲ್ಲಿ

ಅಲ್ಲಿಂದ ನಾವು ಗಂಜಾಮಿನ ಕಡೆಗೆ ನಡೆದೆವು. ದ್ವೀಪದ ಪೂರ್ವಭಾಗದ ಲಾಲ್‌ಬಾಗಿನಲ್ಲಿ ಗುಂಬಜ್ ಇದೆ. ತನ್ನ ತಂದೆ ಹೈದರ್ ಅಲಿಗಾಗಿ ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಗೋರಿಯಲ್ಲಿ ಹೈದರ್, ಅವನ ಪತ್ನಿ ಫಕ್ರುನ್ನೀಸಾ, 1799ರ ಮೇ 5ರಂದು ಅವರ ಬಳಿಯಲ್ಲಿಯೇ ಮಣ್ಣಾದ ಟಿಪ್ಪು, ಈ ಮೂವರೂ ಇದ್ದಾರೆ. ಹೊರಗೆ 36 ಕರಿಕಲ್ಲಿನ ಕಂಬಗಳು, ಸುತ್ತಲೂ ಬಂಧುಬಳಗದ ಗೋರಿಗಳು. ಸುಲ್ತಾನನ ಶವಯಾತ್ರೆಗೆ ಗೆದ್ದ ಸೈನ್ಯವೇ ಗೌರವ ಸಲ್ಲಿಸಿತು. ಆ ಸಂಜೆ ಭೀಕರವಾದ ಗುಡುಗು ಸಿಡಿಲುಗಳ ಮಳೆ ಸುರಿಯಿತೆಂದು ಕಂಡವರು ಬರೆದಿಟ್ಟಿದ್ದಾರೆ.

ನಾವು ಅಲ್ಲಿಗೆ ಹಗೆಯನ್ನು ಹೊತ್ತು ಹೋದವರಲ್ಲ. ಸತ್ತವರ ಮೇಲೆ ತೀರ್ಪು ಕೊಡುವ ಅಧಿಕಾರವು ದೇವರೊಬ್ಬನದೇ ಎಂದು ನಮ್ಮ ಧರ್ಮವು ಕಲಿಸುತ್ತದೆ. ನಮ್ಮ ಪೂರ್ವಿಕರು ಅನುಭವಿಸಿದ ಕಷ್ಟಕ್ಕೆ ಇಂದಿನ ನಮ್ಮ ಮುಸಲ್ಮಾನ ನೆರೆಯವರನ್ನು ಹೊಣೆಯಾಗಿಸುವುದು ಅನ್ಯಾಯವೂ ಹೌದು, ಅವಿವೇಕವೂ ಹೌದು. ತಾಯಿತಂದೆಯರ ಬಳಿಯಲ್ಲಿ ಮಗನು ಮಲಗಿರುವ ಆ ನೆಲದಲ್ಲಿ ನಾವೂ ತಲೆಬಾಗಿದೆವು.

ಗುಂಬಜಿನ ಬಳಿಯಲ್ಲಿಯೇ ಕರ್ನಲ್ ವಿಲಿಯಂ ಬೇಲಿಯ ಸ್ಮಾರಕವಿದೆ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನ ಕಾಳಗದಲ್ಲಿ ಸೆರೆಸಿಕ್ಕ ಅವನು 1782ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಸತ್ತನು. ಮೂವತ್ತನಾಲ್ಕು ವರ್ಷಗಳ ಮೇಲೆ, 1816ರಲ್ಲಿ, ಅವನ ಸಂಬಂಧಿಯಾದ ಜಾನ್ ಬೇಲಿ ಎಂಬವನು ಈ ಸ್ಮಾರಕವನ್ನು ಕಟ್ಟಿಸಿದನು. ಸೆರೆಮನೆಯಲ್ಲಿ ಸತ್ತವನೂ ಮರೆತುಹೋಗಲಿಲ್ಲ. ಏಕೆಂದರೆ ಅವನನ್ನು ನೆನೆಯುವ ಒಬ್ಬ ಬಂಧುವಿದ್ದನು, ಆ ಬಂಧುವಿಗೆ ಕಲ್ಲು ನಿಲ್ಲಿಸುವ ಅನುಕೂಲವಿತ್ತು. ಕೋಟೆಯ ಗೋಡೆಯನ್ನು ಒಡೆದ ಎಡೆಯಲ್ಲಿ 1907ರಲ್ಲಿ ಮೈಸೂರು ಸರಕಾರವು ನಿಲ್ಲಿಸಿದ ಸ್ಮಾರಕ ಸ್ತಂಭವಿದೆ. ಮುತ್ತಿಗೆಯಲ್ಲಿ ಬಿದ್ದ ಅಧಿಕಾರಿಗಳ ಹೆಸರುಗಳು ಅದರ ಮೇಲಿವೆ.

ಹೀಗೆ ಆ ಚಿಕ್ಕ ದ್ವೀಪದಲ್ಲಿ ಅರಸರಿಗೆ ಗೋರಿಯುಂಟು, ಗೆದ್ದವರಿಗೆ ಸ್ತಂಭವುಂಟು, ಸೆರೆಯಲ್ಲಿ ಸತ್ತ ಕರ್ನಲನಿಗೆ ಸ್ಮಾರಕವುಂಟು, ಕೂಲಿ ಸೈನಿಕರಿಗೂ ಹಸುಗೂಸುಗಳಿಗೂ ಸಮಾಧಿಯುಂಟು. ಹದಿನೈದು ವರ್ಷಗಳ ಕಾಲ ಇದೇ ಸೀಮೆಯಲ್ಲಿ ಸೆರೆಯಲ್ಲಿದ್ದು ಸತ್ತ ಸಾವಿರಾರು ಕರಾವಳಿಯ ಕ್ರೈಸ್ತರ ಹೆಸರನ್ನು ಹೊತ್ತ ಒಂದೇ ಒಂದು ಕಲ್ಲು ದಿನವಿಡೀ ತಿರುಗಿದರೂ ನಮಗೆ ಕಾಣಲಿಲ್ಲ. ನಾವು ನಡೆದ ಕಬ್ಬಿನ ಗದ್ದೆಯ ಬದುವೋ, ರಸ್ತೆಯ ಅಂಚೋ, ನದಿಯ ಮರಳೋ ಅವರ ಸಮಾಧಿಯಾಗಿರಬಹುದು.

ದೊಡ್ಡಸ್ವಾಮಿಯವರ ಇಗರ್ಜಿ

ಸಂಜೆಯ ಹೊತ್ತಿಗೆ ಗಂಜಾಮಿನ ಇಗರ್ಜಿಯಲ್ಲಿ ನಾವು ಪ್ರಾರ್ಥನೆ ಸಲ್ಲಿಸಿದೆವು. ಇದನ್ನು ಜನರು ಇಂದಿಗೂ ಅಬ್ಬೆ ದ್ಯುಬುವಾ ಅವರ ಹೆಸರಿನಿಂದ ಗುರುತಿಸುತ್ತಾರೆ. ಮೈಸೂರು ಸೀಮೆಯಲ್ಲಿ ಹದಿನೇಳನೆಯ ಶತಮಾನದ ಮಧ್ಯದಲ್ಲಿಯೇ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಸ್ವಾಮಿಗಳು ಶ್ರೀರಂಗಪಟ್ಟಣದಲ್ಲಿ ಬೀಜ ಬಿತ್ತಿದ್ದರು. ಆ ಬೆಳೆಯು ತುಳಿತಕ್ಕೆ ಸಿಕ್ಕಿ ಚದುರಿದ್ದಾಗ ಅದನ್ನು ಮತ್ತೆ ಕೂಡಿಸಿದವರು ಪ್ಯಾರಿಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳಾದ ಈ ದ್ಯುಬುವಾ ಸ್ವಾಮಿಗಳು.

1792ರಲ್ಲಿ ಭಾರತಕ್ಕೆ ಬಂದ ಅವರು ಶ್ರೀರಂಗಪಟ್ಟಣದ ಪತನದ ನಂತರ ಚದುರಿದ ಕ್ರೈಸ್ತರನ್ನು ಸಂತೈಸಲು ಈ ಸೀಮೆಗೆ ಬಂದರು. ಬಲಾತ್ಕಾರದಿಂದ ಧರ್ಮಾಂತರಗೊಂಡು, ಸಂಸಾರ ಒಡೆದು, ಯಾರು ಸತ್ತರು ಯಾರು ಉಳಿದರೆಂಬ ಅರಿವೂ ಇಲ್ಲದಿದ್ದ ಜನರ ನಡುವೆ ಅವರು ಕೆಲಸ ಮಾಡಿದರು. ಬಿಡುಗಡೆ ಹೊಂದಿದವರಲ್ಲಿ ಬಹುಮಂದಿ ಕರಾವಳಿಗೆ ಹಿಂದಿರುಗಿದರು. ಕೆಲವರು ಅದಕ್ಕೂ ಮುನ್ನವೇ ತಪ್ಪಿಸಿಕೊಂಡು ಹೋಗಿ, ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಆಶ್ರಯದಲ್ಲಿ 1792ರಲ್ಲಿ ವಿರಾಜಪೇಟೆಯಲ್ಲಿ ನೆಲೆಸಿದ್ದರು. ಕೆಲವರು ಮೈಸೂರು ಸೀಮೆಯಲ್ಲಿಯೇ ಉಳಿದರು. ಹಾಸನದ ಬಳಿಯ ಸಾಥಳ್ಳಿಯಲ್ಲಿ ಸ್ವಾಮಿಗಳು ಕ್ರೈಸ್ತರಿಗಾಗಿ ಬೇಸಾಯದ ಒಕ್ಕಲನ್ನು ಏರ್ಪಡಿಸಿದರು. ಸಿಡುಬಿಗೆ ದೇವಿ ಹಾಕುವ ಹೊಸ ಪದ್ಧತಿಯನ್ನು, ಜನರು ಅಂಜುತ್ತಿದ್ದ ಕಾಲದಲ್ಲಿ, ಊರೂರು ತಿರುಗಿ ಬಳಕೆಗೆ ತಂದರು. ನಮ್ಮ ಜನರಂತೆಯೇ ಉಟ್ಟು, ನಮ್ಮ ಜನರಂತೆಯೇ ಉಂಡು ಬಾಳಿದ ಅವರನ್ನು ಎಲ್ಲರೂ ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಹಿಂದೂ ಜನರ ಆಚಾರ ವ್ಯವಹಾರಗಳನ್ನು ಕುರಿತು ಅವರು ಬರೆದ ಹಸ್ತಪ್ರತಿಯನ್ನು ಕಂಪನಿ ಸರಕಾರವು 1807ರಲ್ಲಿ ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಅದರಲ್ಲಿರುವ ಎಲ್ಲ ಅಭಿಪ್ರಾಯಗಳನ್ನೂ ನಾವಿಂದು ಒಪ್ಪಲಾರೆವು. ಆದರೆ ಆ ಕಾಲದ ಜನಜೀವನದ ದಾಖಲೆಯೆಂದು ವಿದ್ವಾಂಸರು ಅದನ್ನು ಇಂದಿಗೂ ಓದುತ್ತಾರೆ.

1823ರ ಜನವರಿಯಲ್ಲಿ ಭಾರತವನ್ನು ಬಿಟ್ಟ ಸ್ವಾಮಿಗಳು 1848ರಲ್ಲಿ ಪ್ಯಾರಿಸಿನಲ್ಲಿ ದೈವಾಧೀನರಾದರು. ಅವರ ಸಮಾಧಿಯು ಇಲ್ಲಿಲ್ಲ; ಆದರೆ ಅವರ ಹೆಸರು ಇದೆ. ನಮ್ಮ ಪೂರ್ವಿಕರ ಮೂಳೆಗಳು ಇಲ್ಲಿಯೇ ಇವೆ, ಹೆಸರು ಇಲ್ಲ. ಹಿಂದಿರುಗುವ ದಾರಿಯುದ್ದಕ್ಕೂ ಈ ಮಾತೊಂದೇ ನಮ್ಮ ಮನಸ್ಸಿನಲ್ಲಿ ಸುತ್ತುತ್ತಿತ್ತು.

ಇನ್ನೂರು ವರ್ಷಗಳ ಮೇಲೆ ಬಂದ ಬಂಧುಗಳು

ಗ್ಯಾರಿಸನ್ ಸ್ಮಶಾನದ ಇಂದಿನ ಸ್ಥಿತಿಯ ಹಿಂದೆಯೂ ಒಂದು ವೃತ್ತಾಂತವಿದೆ. ದಂಡು ಹೊರಟುಹೋದ ಮೇಲೆ ಅದು ಪೊದೆ ಬೆಳೆದು, ಸಮಾಧಿಗಳು ಬಿರಿದು, ಬರಹದ ಕಲ್ಲುಗಳು ಉರುಳಿ ಪಾಳುಬಿದ್ದಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಡಿ ಮ್ಯೂರಾನ್ ವಂಶದವರು ಸ್ವಿಟ್ಸರ್ಲೆಂಡಿನಿಂದ ಬಂದು, ನಮ್ಮ ನಾಡಿನ ಪುರಾತತ್ವ ಸಂರಕ್ಷಕರೊಡನೆ ಕೂಡಿ, ಪೊದೆಗಳನ್ನು ಕಡಿಸಿ, ಸಮಾಧಿಗಳನ್ನು ಸರಿಪಡಿಸಿದರು. ಎರಡು ಶತಮಾನಗಳು ಕಳೆದಿದ್ದರೂ, ಸಾವಿರಾರು ಮೈಲಿಗಳ ದೂರವಿದ್ದರೂ, ತಮ್ಮ ಹಿರಿಯನು ಕಟ್ಟಿದ ರೆಜಿಮೆಂಟಿನ ಮೃತರು ಇಲ್ಲಿ ಮಲಗಿದ್ದಾರೆಂಬುದನ್ನು ಅವರು ಮರೆಯಲಿಲ್ಲ. ಮರೆಯದಿರಲು ಕಾರಣವೇನು? ಹೆಸರುಗಳು ಬರೆದಿದ್ದುವು, ಆದುದರಿಂದ ಹುಡುಕಿಕೊಂಡು ಬರಲು ಸಾಧ್ಯವಾಯಿತು.

ಇನ್ನೂರು ವರ್ಷಗಳ ಮೇಲೆ ನಮ್ಮ ಸ್ಮಶಾನಕ್ಕೆ ಯಾರಾದರೂ ಬಂದರೆ ಏನನ್ನು ಕಾಣುವರು?

ನಮ್ಮ ತಪ್ಪಿನ ನಿವೇದನೆ

ಈಗ ಹೇಳಬೇಕಾದ ಮಾತು ಹಬ್ಬದ ಸಂಚಿಕೆಗೆ ಹೊಂದುವುದಿಲ್ಲವೆಂದು ಕೆಲವರಿಗೆ ತೋರಬಹುದು. ಆದರೂ ಚರಿತ್ರೆಯನ್ನು ಬರೆಯುವವರು ಹಿತವಾದುದನ್ನು ಮಾತ್ರ ಬರೆದರೆ ಅದು ಚರಿತ್ರೆಯಾಗದು.

ನಮ್ಮ ಚರ್ಚಿನ ಸ್ಮಶಾನವು ಇಳಿಜಾರಿನಲ್ಲಿದೆ. ಈ ಸೀಮೆಯ ಮಳೆಯನ್ನು ವರ್ಣಿಸಬೇಕಾಗಿಲ್ಲ. ಬಡವರ ಸಮಾಧಿಯ ಮೇಲೆ ನೆಟ್ಟ ಮರದ ಶಿಲುಬೆಯು ನಾಲ್ಕಾರು ಮಳೆಗಾಲಗಳನ್ನು ಕಾಣುವುದೇ ಹೆಚ್ಚು. ಮಣ್ಣಿನ ದಿಬ್ಬವು ಕೊಚ್ಚಿಹೋಗಿ ಹುಲ್ಲು ಬೆಳೆಯುತ್ತದೆ. ಸಾಲದುದಕ್ಕೆ, ಕೆಲವು ವರ್ಷಗಳ ಹಿಂದೆ ಸ್ಮಶಾನದ ಗೋಡೆಯನ್ನು ಕಟ್ಟಿಸುವಾಗ ಕೆಳಮೂಲೆಯ ಹಳೆಯ ಭಾಗವನ್ನು ಸಮತಟ್ಟು ಮಾಡಲಾಯಿತು. ಅಲ್ಲಿ ಉಳಿದಿದ್ದ ಕೆಲವು ಕಲ್ಲಿನ ಶಿಲುಬೆಗಳನ್ನು ತೆಗೆದು ಬದಿಗಿಟ್ಟು, ಕೆಲಸ ಮುಗಿದ ಮೇಲೆ ಮತ್ತೆ ನೆಡುವುದೆಂದು ತೀರ್ಮಾನವಾಗಿತ್ತು. ಯಾವುದು ಯಾವ ಎಡೆಯದೆಂದು ಯಾರೂ ಗುರುತು ಹಾಕಿಕೊಳ್ಳಲಿಲ್ಲ. ಆದುದರಿಂದ ಅವುಗಳನ್ನು ಮತ್ತೆ ನೆಡಲಾಗಲಿಲ್ಲ. ಆ ಸಮಿತಿಯಲ್ಲಿ ನಾವೂ ಇದ್ದೆವು. ಬೇರೆ ಯಾರನ್ನೂ ದೂರಲು ನಮಗೆ ಬಾಯಿಲ್ಲ. ಶ್ರೀರಂಗಪಟ್ಟಣದಲ್ಲಿ ನಮ್ಮವರಿಗೆ ಕಲ್ಲಿಲ್ಲವೆಂದು ಮರುಗಿದ ನಾವೇ, ನಮ್ಮ ಊರಿನಲ್ಲಿ ಇದ್ದ ಕಲ್ಲುಗಳನ್ನು ಅನಾಥ ಮಾಡಿದ್ದೆವು. ಅಲ್ಲಿ ಅದಕ್ಕೆ ಯುದ್ಧವೂ ಸೆರೆಯೂ ಕಾರಣ. ಇಲ್ಲಿ ಬರಿಯ ಅಲಕ್ಷ್ಯವೇ ಕಾರಣ.

ಆದರೆ ಒಂದು ಸಮಾಧಾನವುಂಟು. ನಮ್ಮ ಪವಿತ್ರಸಭೆಯು ಮನುಷ್ಯರ ಮರೆವನ್ನು ಬಲ್ಲುದು. ಜ್ಞಾನಸ್ನಾನ ಹಾಗೂ ವಿವಾಹಗಳನ್ನು ಬರೆದಿಡಬೇಕೆಂದು ಹದಿನಾರನೆಯ ಶತಮಾನದಲ್ಲಿ ಟ್ರೆಂಟ್ ಮಹಾಸಭೆಯು ವಿಧಿಸಿತು. 1614ರಲ್ಲಿ ಐದನೆಯ ಪೌಲ್ ಜಗದ್ಗುರುಗಳು ಪ್ರಕಟಿಸಿದ ರೋಮನ್ ಪೂಜಾವಿಧಿ ಗ್ರಂಥವು ಪ್ರತಿಯೊಂದು ಧರ್ಮಕೇಂದ್ರದಲ್ಲಿ ಮೃತರ ದಾಖಲೆಯನ್ನೂ ಇಡಬೇಕೆಂದು ವಿಧಿಸಿತು. ಆ ವಿಧಿಯ ಫಲವಾಗಿ ನಮ್ಮ ಚರ್ಚಿನ ಕಬ್ಬಿಣದ ಪೆಟ್ಟಿಗೆಯಲ್ಲಿಯೂ ಮೃತರ ಪುಸ್ತಕವಿದೆ. ಮೊದಲ ಪುಟಗಳು ಲ್ಯಾಟಿನ್ ಭಾಷೆಯಲ್ಲಿವೆ. ಮಸಿ ಕಂದಾಗಿದೆ, ಅಂಚುಗಳನ್ನು ಗೆದ್ದಲು ತಿಂದಿದೆ. ಆದರೂ ಓದಲು ಬರುತ್ತದೆ. ಕೆಲವು ಕಡೆ ಮನೆತನದ ಹೆಸರೇ ಇಲ್ಲ. ಜ್ಞಾನಸ್ನಾನದ ಹೆಸರು, ವಯಸ್ಸು, ದುಡಿಯುತ್ತಿದ್ದ ತೋಟದ ಹೆಸರು, ಜ್ವರವೆಂಬ ಒಂದು ಮಾತು, ಕಡೆಯ ಸಂಸ್ಕಾರಗಳನ್ನು ಪಡೆದ ಬಗ್ಗೆ ಒಂದು ಸಾಲು, ಕೆಳಗೆ ಗುರುಗಳ ಸಹಿ. ಒಂದೇ ಮಳೆಗಾಲದಲ್ಲಿ ಒಂದೇ ಲೈನಿನ ಮನೆಗಳಿಂದ ಮೂರು ಕೂಸುಗಳು ಹೋದ ಪುಟವೂ ಇದೆ. ಕಾಡು ಕಡಿದು, ಗಿಡ ನೆಟ್ಟು, ಹಣ್ಣು ಕೊಯ್ದು ಈ ಸೀಮೆಯನ್ನು ಸಂಪನ್ನಗೊಳಿಸಿದವರು ಇವರು. ತಮ್ಮ ಕೂಲಿಯ ಕಾಸಿನಲ್ಲಿ ಮೊದಲ ಪ್ರಾರ್ಥನಾಮಂದಿರಕ್ಕೆ ಹಂಚು ಹೊದಿಸಿದವರೂ ಇವರೇ.

ಪ್ರಸಿದ್ಧರೆಂದರೆ ಯಾರು? ಕಲ್ಲಿನಲ್ಲಿ ಹೆಸರು ಉಳಿದವರು ಪ್ರಸಿದ್ಧರೆಂದು ಲೋಕವು ತಿಳಿಯುತ್ತದೆ. ಆದರೆ ದೇವರ ಜೀವಗ್ರಂಥದಲ್ಲಿ ಹೆಸರು ಬರೆಯಲ್ಪಟ್ಟವರೇ ನಿಜವಾದ ಪ್ರಸಿದ್ಧರೆಂದು ವಿಶ್ವಾಸಿಗಳಾದ ನಾವು ನಂಬುತ್ತೇವೆ. ಆ ಗ್ರಂಥದಲ್ಲಿ ಬರೆಯುವುದು ದೇವರ ಕೆಲಸ; ಈ ಪುಸ್ತಕದಲ್ಲಿ ಬರೆದುದನ್ನು ಕಾಪಾಡುವುದು ನಮ್ಮ ಕೆಲಸ.

ಒಂದು ವಿನಂತಿ

ಆದುದರಿಂದ ಶತಮಾನೋತ್ಸವದ ಈ ಸಂದರ್ಭದಲ್ಲಿ ಪೂಜ್ಯ ಗುರುಗಳ ಮುಂದೆಯೂ ಧರ್ಮಕೇಂದ್ರದ ಸಮಸ್ತ ಬಂಧುಗಳ ಮುಂದೆಯೂ ನಾವು ವಿನಯಪೂರ್ವಕವಾಗಿ ಮೂರು ಸಲಹೆಗಳನ್ನು ಇಡುತ್ತೇವೆ. ಮೊದಲನೆಯದು, ಮೃತರ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಎಲ್ಲ ಹೆಸರುಗಳನ್ನೂ ಕನ್ನಡದಲ್ಲಿ ಪ್ರತಿಮಾಡಬೇಕು. ನಮ್ಮ ಯುವಜನರು ಮನಸ್ಸು ಮಾಡಿದರೆ ಒಂದು ಬೇಸಗೆಯ ರಜೆಯಲ್ಲಿ ಈ ಕೆಲಸ ಮುಗಿಯುವುದು. ಎರಡನೆಯದು, ಸಮತಟ್ಟು ಮಾಡಿದ ಕೆಳಮೂಲೆಯಲ್ಲಿ, ಬದಿಗಿಟ್ಟ ಶಿಲುಬೆಗಳನ್ನೇ ಕೂಡಿಸಿ ಒಂದು ಕಟ್ಟೆಯನ್ನು ಕಟ್ಟಿ, ಅದರ ಮೇಲೆ ಆ ಹೆಸರುಗಳನ್ನು ಕೊರೆಸಬೇಕು. ಮನೆತನದ ಹೆಸರು ಇಲ್ಲದವರ ಜ್ಞಾನಸ್ನಾನದ ಹೆಸರನ್ನಾದರೂ ಬರೆಸಬೇಕು. ಹೆಸರಿಡುವ ಮುನ್ನವೇ ಹೋದ ಕೂಸುಗಳಿಗೂ ಒಂದು ಸಾಲು ಇರಬೇಕು. ಮೂರನೆಯದು, ಆ ಕಲ್ಲಿನ ಅಡಿಯಲ್ಲಿ, 1784ರಲ್ಲಿ ಘಟ್ಟ ಹತ್ತಿ ಹಿಂದಿರುಗದ ನಮ್ಮವರ ನೆನಪಿಗೂ ಒಂದು ಸಾಲನ್ನು ಬರೆಸಬೇಕು. ಶ್ರೀರಂಗಪಟ್ಟಣದಲ್ಲಿ ಅವರ ಸಮಾಧಿಯನ್ನು ತೋರಿಸಲು ನಮಗೆ ಸಾಧ್ಯವಿಲ್ಲ. ಅವರ ರಕ್ತವನ್ನು ಹೊತ್ತವರು ಬಾಳಿದ ಈ ಬೆಟ್ಟದಲ್ಲಾದರೂ ಅವರ ಸ್ಮರಣೆಗೆ ಒಂದು ನೆಲೆಯಿರಲಿ.

ಹೊಸ ಗಂಟೆ, ಹೊಸ ದ್ವಾರ, ಹೊಸ ಬಣ್ಣ ಇವೆಲ್ಲವೂ ಹಬ್ಬಕ್ಕೆ ಬೇಕು. ಅವುಗಳ ಬಗ್ಗೆ ನಮಗೆ ಆಕ್ಷೇಪವಿಲ್ಲ. ಆದರೆ ಅವುಗಳ ವೆಚ್ಚದಲ್ಲಿ ಚಿಕ್ಕದೊಂದು ಪಾಲು ಈ ಕಲ್ಲಿಗೆ ಸಲ್ಲಲಿ. ಕ್ಲೂನಿ ಮಠದ ಸಂತ ಓಡಿಲೋ ಸಾವಿರ ವರ್ಷಗಳ ಹಿಂದೆ ಆರಂಭಿಸಿದ ಸಕಲ ಮೃತರ ಸ್ಮರಣೆಯ ದಿನ, ನವೆಂಬರ್ 2, ಇನ್ನು ಬಹಳ ದೂರವಿಲ್ಲ. ಆ ದಿನ ಗುರುಗಳು ಸ್ಮಶಾನವನ್ನು ಮಂತ್ರಿಸುವಾಗ, ಮೇಣದ ಬತ್ತಿಯನ್ನು ಹಿಡಿದು ತನ್ನವರ ಸಮಾಧಿಯನ್ನು ಹುಡುಕಿ, ಕಾಣದೆ, ಗೋಡೆಯ ಬದಿಯಲ್ಲಿ ಎಲ್ಲೋ ಒಂದೆಡೆ ಹಚ್ಚಿಟ್ಟು ಹಿಂದಿರುಗುವ ಮುದುಕಿಯರನ್ನು ನಾವು ಪ್ರತಿ ವರ್ಷವೂ ಕಾಣುತ್ತೇವೆ. ಈ ಸಲ ಅವರಿಗೆ ಬತ್ತಿ ಹಚ್ಚಲು ಒಂದು ಹೆಸರು ಸಿಕ್ಕುವಂತಾಗಲಿ.

ಸಮಸ್ತ ಮೃತ ವಿಶ್ವಾಸಿಗಳಿಗೆ ಪ್ರಭುವು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.